ಉಸಿರು ಹಿಡ್ಕೊಳ್ಳಿ ಅಂದರೆ, ಎಷ್ಟು ಉಸಿರು?

ಹಾಸನದ ಒಂದು ಆಸ್ಪತ್ರೆಯಲ್ಲಿ ನಾನು ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಲಿವರ್‌ನ ಚಿಕ್ಕ ಗಡ್ಡೆಗಳನ್ನು ಹೊಟ್ಟೆ ಕೊಯ್ಯದೆ ಸುಡುವ ಚಿಕಿತ್ಸೆ ಇದೆ, ಅಬ್ಲೇಶನ್ ಅಂತಾರೆ. ಡಾಕ್ಟರು ಸ್ಕ್ಯಾನ್ ನೋಡಿಕೊಂಡೇ ಚರ್ಮದ ಮೇಲಿಂದ ಗಡ್ಡೆಯೊಳಗೆ ಸೂಜಿ ಇಳಿಸುತ್ತಾರೆ. ಮೈಕ್ರೋವೇವ್ ಅಥವಾ ರೇಡಿಯೋ ಫ್ರೀಕ್ವೆನ್ಸಿಯಿಂದ ತುದಿಯ ಸುತ್ತ ಬಿಸಿ ಏಳುತ್ತದೆ. 60 ಡಿಗ್ರಿ ದಾಟಿದರೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಗಡ್ಡೆ 3 ಸೆಂಟಿಮೀಟರ್ ಒಳಗಿದ್ದರೆ ಫಲ ಚೆನ್ನಾಗಿರುತ್ತದೆ. ಆದರೆ ಗಡ್ಡೆಯ ಜೊತೆ ಸುತ್ತಲೂ ಕನಿಷ್ಠ ಅರ್ಧ ಸೆಂಟಿಮೀಟರ್ ಸುಡಬೇಕು. ಅಂಚಿನಲ್ಲಿ ಚೂರು ಉಳಿದರೂ ಮತ್ತೆ ಬೆಳೆಯಬಹುದು.

ಸಕಲೇಶಪುರದ ಕಡೆಯ ಯಜಮಾನರೊಬ್ಬರು ಬಂದಿದ್ದರು. ಹೆಪಟೈಟಿಸ್ ಬಿ ವೈರಸ್‌ನಿಂದ ಸಿರೋಸಿಸ್ ಆಗಿತ್ತು, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿತ್ತು. ಕಾಫಿ ಕುಯ್ಲು ಇರಲಿ, ಮಳೆ ಇರಲಿ, 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಿದವರಲ್ಲ. ಅದಕ್ಕೇ ಗಡ್ಡೆ 2 ಸೆಂಟಿಮೀಟರ್ ಇದ್ದಾಗಲೇ ಸಿಕ್ಕಿತ್ತು.

ತಪ್ಪು ನನ್ನದು. ಸೂಜಿಯ ದಾರಿ ಗುರುತು ಮಾಡುವ ಸ್ಕ್ಯಾನ್‌ಗೆ "ಜೋರಾಗಿ ಉಸಿರೆಳ್ಕೊಂಡು ಹಿಡ್ಕೊಳ್ಳಿ" ಅಂದಿದ್ದೆ. ಸೂಜಿ ಹಾಕುವಾಗ ಬರೀ "ಉಸಿರು ಹಿಡ್ಕೊಳ್ಳಿ ಯಜಮಾನ್ರೇ" ಅಂದೆ. ಅವರು ಇದ್ದಲ್ಲೇ ಉಸಿರು ನಿಲ್ಲಿಸಿದರು. ಉಸಿರೆಳೆದರೆ ಲಿವರ್ ಕೆಳಗೆ ಸರಿಯುತ್ತದೆ, ಬಿಟ್ಟರೆ ಮೇಲೇರುತ್ತದೆ. ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಗಡ್ಡೆ ಇದ್ದದ್ದೇ ಅಷ್ಟು ಅಲ್ವಾ? ಮತ್ತೆ ಸ್ಕ್ಯಾನ್ ಮಾಡಿದಾಗ ಸೂಜಿಯ ತುದಿ ಗಡ್ಡೆಯ ಕೆಳಗಿತ್ತು.

ಸುಡುವ ಮಷಿನ್ ಇನ್ನೂ ಆನ್ ಮಾಡಿರಲಿಲ್ಲ. ಡಾಕ್ಟರು ಸೂಜಿ ಹಿಂದಕ್ಕೆಳೆದು ಮತ್ತೆ ಹಾಕಿದರು. ಸಿರೋಸಿಸ್ ಇದ್ದವರಿಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಒಂದು ಚುಚ್ಚು ಜಾಸ್ತಿಯಾದರೂ ರಕ್ತಸ್ರಾವದ ಭಯ. ಆ ಹೊತ್ತು ನನ್ನ ಕೈ ತಣ್ಣಗಾಗಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ.

ಸಂಜೆ ವಾರ್ಡಿಗೆ ಹೋಗಿ ಅವರಿಗೆ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. "ಎಷ್ಟು ಉಸಿರು ಅಂತ ನೀನು ಹೇಳ್ಲಿಲ್ವಲ್ಲಮ್ಮಾ" ಅಂದರು.

ಈಗ ಹಿಂದಿನ ದಿನವೇ ರೋಗಿಯ ಹತ್ತಿರ ಹೋಗುತ್ತೇನೆ. ಹೊಟ್ಟೆ ಮೇಲೆ ಅವರದೇ ಕೈ ಇಡಿಸುತ್ತೇನೆ. "ಸುಮ್ನೆ ಉಸಿರು ತಗೊಳ್ಳಿ. ಬಿಡಿ. ಬಿಟ್ಟ ಮೇಲೆ ಅಲ್ಲೇ ನಿಲ್ಲಿಸಿ." ಉಸಿರು ಬಿಟ್ಟ ಜಾಗ ಪ್ರತಿಸಲ ಹೆಚ್ಚುಕಡಿಮೆ ಒಂದೇ ಇರುತ್ತದೆ, ಎಳೆದದ್ದು ಹಾಗಲ್ಲ. ಹತ್ತು ಸಲ ಮಾಡಿಸುತ್ತೇನೆ. ಮರುದಿನ ಅದೇ ಮಾತು, ಅದೇ ದನಿ. ಒಂದು ಪದವನ್ನೂ ಬದಲಾಯಿಸುವುದಿಲ್ಲ. ಮತ್ತಿನ ಔಷಧಿಯ ಮಂಪರಿನಲ್ಲೂ ಕಿವಿಗೆ ಬೀಳುವುದು ರೂಢಿಯಾದ ಮಾತೇ.

ಯಜಮಾನರು ಒಂದು ತಿಂಗಳಿಗೆ ಕಾಂಟ್ರಾಸ್ಟ್ ಸಿಟಿಗೆ, ಅಂದರೆ ರಕ್ತನಾಳಕ್ಕೆ ಔಷಧಿ ಕೊಟ್ಟು ಮಾಡುವ ಸ್ಕ್ಯಾನ್‌ಗೆ, ಬಂದರು. ಸುಟ್ಟ ಜಾಗ ಪೂರ್ತಿ ಕಪ್ಪಾಗಿತ್ತು, ಅಂಚಿನಲ್ಲಿ ಎಲ್ಲೂ ಬೆಳ್ಳಗೆ ಹೊಳೆಯುತ್ತಿರಲಿಲ್ಲ, ಅಂದರೆ ಗಡ್ಡೆ ಉಳಿದಂತೆ ಕಾಣಲಿಲ್ಲ. ಮುಂದಿನ ಸ್ಕ್ಯಾನ್ 3 ತಿಂಗಳಿಗೆ.