ಕೋರ್ಟಿನಾಗ ಸಾಕಾಗಿಲ್ಲೇನ್ರಿ ವೈನಿ?

ಹುಮನಾಬಾದಿನಿಂದ ನನ್ನ ನಾದಿನಿ ಬಂದರೆ ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ ಇದು. ಕೂಲರ್ ಎದುರಿಗೆ ನನ್ನ ಕುರ್ಚಿ, ಅದರ ಮೇಲೆ ಬೋರಲು ಹಾಕಿಟ್ಟ ದಪ್ಪ ಕಾದಂಬರಿ, ಮುಖಪುಟದ ತುಂಬ ರಕ್ತ. "ಇಪ್ಪತ್ತಾರು ವರ್ಷ ಕೊಲಿ ಕೇಸೇ ಟೈಪ್ ಮಾಡೀರಿ. ಕೋರ್ಟಿನಾಗ ಸಾಕಾಗಿಲ್ಲೇನ್ರಿ ವೈನಿ? ಮನ್ಯಾಗೂ ಅದೇ ಓದ್ಲತ್ತೀರಲ್ಲ!"

ಅವಳೊಬ್ಬಳೇ ಅಲ್ಲ. ಪಕ್ಕದ ಮನೆಯವರು ಕೇಳುತ್ತಾರೆ. ಜೊತೆಗೆ ಕೆಲಸ ಮಾಡಿದವರು ಕೇಳುತ್ತಾರೆ. ನಿವೃತ್ತಿ ಆದಮೇಲೆ ಪುರಾಣ, ಪ್ರವಚನ ಅಂತ ಇರಬೇಕಾದವಳು ಹೀಗೇಕೆ ಅನ್ನುವ ಚಿಂತೆ ಕೆಲವರಿಗೆ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಹೋದ ವಾರ ಮುಗಿಸಿದ ಒಂದು ಕಾದಂಬರಿ ಇನ್ನೂ ತಲೆಯಿಂದ ಇಳಿದಿಲ್ಲ. ಅದಕ್ಕೇ ಈ ಸಲ ಬರೆದೇಬಿಡುತ್ತೇನೆ.

ಕಾದಂಬರಿಯ ಹೆಸರು ಹೇಳಲ್ಲ. ಹೇಳಿದರೆ ಮೊಬೈಲಿನಲ್ಲಿ ಹುಡುಕಿ ಕೊಲೆಗಾರ ಯಾರು ಅಂತ ನೋಡಿಬಿಡುತ್ತೀರಿ. ಪರದೇಶದ ಕಥೆ. ಒಬ್ಬ ಮನುಷ್ಯ ಜೈಲಿಗೆ ಹೋಗಿ ಹದಿನಾಲ್ಕು ವರ್ಷ ಆಗಿದೆ. ಅವನೇ ಕೊಂದಿದ್ದು ಅಂತ ಊರಿಗೆಲ್ಲ ಖಾತ್ರಿ. ಕಥೆ ಶುರುವಾಗುವುದೇ ಅಲ್ಲಿಂದ. ಒಬ್ಬ ಸಾಕ್ಷಿ ರಾತ್ರಿ ಕಿಟಕಿಯಿಂದ ನೋಡಿದಾಗ ನೀಲಿ ಅಂಗಿಯವನು ಓಡಿಹೋದನಂತೆ. ಆರೋಪಿಯ ಮನೆಯಲ್ಲಿ ನೀಲಿ ಅಂಗಿ ಸಿಕ್ಕಿತ್ತು. ಐವತ್ತನೇ ಪುಟಕ್ಕೆ ಬರುವಷ್ಟರಲ್ಲಿ ನಾನೂ "ಬಿಡು, ಇವನದೇ ಕೆಲಸ" ಅಂದುಕೊಂಡು ರೊಟ್ಟಿ ಬಡಿಯಲು ಎದ್ದುಹೋದೆ.

ನೂರೆಂಬತ್ತನೇ ಪುಟದ ಹತ್ತಿರ ಯಾರೋ ಕೇಳುತ್ತಾರೆ: ಆ ಬೀದಿಯಲ್ಲಿ ಇದ್ದದ್ದು ಹಳದಿ ದೀಪ ಅಲ್ವಾ? ಸೋಡಿಯಂ ದೀಪದ ಕೆಳಗೆ ನೀಲಿ ಬಣ್ಣ ನೀಲಿಯಾಗಿ ಕಾಣುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಹಿಂದೆ ನಮ್ಮ ಬೀದಿಯಲ್ಲೂ ಅಂಥವೇ ಇದ್ದವಲ್ಲ, ಕಂಬದ ಕೆಳಗೆ ನಿಂತು ಸೀರೆ ಬಣ್ಣ ನೋಡಿ ಮೋಸ ಹೋದವರಿಗೆ ಗೊತ್ತು. ಹಾಗಾದರೆ ಸಾಕ್ಷಿ "ನೀಲಿ" ಅಂದಿದ್ದು ಎಲ್ಲಿಂದ ಬಂತು?

ನಾನು ಹಿಂದಕ್ಕೆ ಹೋಗಿ ಹುಡುಕಿದೆ. ಹಳದಿ ದೀಪದ ಮಾತು ಇಪ್ಪತ್ತೆರಡನೇ ಪುಟದಲ್ಲೇ ಇತ್ತು. ಓದಿದ್ದೆ. ದಾಟಿಕೊಂಡು ಹೋಗಿದ್ದೆ.

ನನಗೆ ಈ ಥರದ ಪುಸ್ತಕವೇ ಬೇಕು. ಕೊಲೆ ಆಯಿತು, ಪತ್ತೇದಾರ ಬಂದ, ಕೊನೆಗೆ ಹಿಡಿದ ಅನ್ನುವ ಕಥೆಯಲ್ಲಿ ನಾನು ಸುಮ್ನೆ ಪತ್ತೇದಾರನ ಹಿಂದೆ ಚೀಲ ಹಿಡಿದು ನಡೆಯುತ್ತೇನೆ. ಶಿಕ್ಷೆ ಆದಮೇಲೆ ಶುರುವಾಗುವ ಕಥೆಯಲ್ಲಿ ನಾನೂ ತಪ್ಪಿನಲ್ಲಿ ಪಾಲುದಾರಳು. ಆ ತೀರ್ಪಿಗೆ ಐವತ್ತನೇ ಪುಟದಲ್ಲಿ ನಾನೂ ಸಹಿ ಹಾಕಿರುತ್ತೇನೆ.

ಇದು ನನ್ನನ್ನು ಯಾಕೆ ಇಷ್ಟು ಚುಚ್ಚುತ್ತದೆ ಅಂತ ತಿಳಿಯಬೇಕಾದರೆ ಕೋರ್ಟಿನಲ್ಲಿ ಸಾಕ್ಷಿ ಬರೆದುಕೊಳ್ಳುವುದು ಹೇಗೆ ಅಂತ ಹೇಳಬೇಕು. ನಮ್ಮ ಕಡೆಯ ಕಟಕಟೆಗೆ ಬರುವವರು ಕನ್ನಡ ಮಾತಾಡುತ್ತಾರೆ, ಉರ್ದು ಮಾತಾಡುತ್ತಾರೆ, ತೆಲುಗು, ಮರಾಠಿ, ಲಂಬಾಣಿ ಎಲ್ಲ ಇದೆ. ಅವರು ಹೇಳಿದ್ದನ್ನು ಸಾಹೇಬರು, ಅಂದರೆ ನ್ಯಾಯಾಧೀಶರು, ಕೇಳಿ, ಕೋರ್ಟಿನ ಕನ್ನಡಕ್ಕೆ ತಂದು ಹೇಳುತ್ತಾರೆ. ನಾನು ಟೈಪ್ ಮಾಡುತ್ತೇನೆ. ವಕೀಲರು ಪಾಟಿ ಸವಾಲಿನಲ್ಲಿ "ನೀ ಸುಳ್ಳ ಹೇಳ್ಲತ್ತೀದಿ" ಅಂತಾರೆ. ಸಾಕ್ಷಿ "ಇಲ್ರಿ" ಅಂತಾನೆ. ಕಾಗದದ ಮೇಲೆ ಬರುವುದು ಹೀಗೆ: "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಅಳುತ್ತಾ "ಇಲ್ರಿ" ಅಂದವನಿಗೂ ಇದೇ ವಾಕ್ಯ. ವಕೀಲರ ಮೇಲೆ ಏರಿ ಹೋದವನಿಗೂ ಇದೇ ವಾಕ್ಯ. "ಎಂದರೆ ಸರಿಯಲ್ಲ" ಅನ್ನುವುದನ್ನು ನನ್ನ ಬೆರಳು ನನ್ನನ್ನು ಕೇಳದೇ ಹೊಡೆಯುತ್ತಿದ್ದವು.

ಒಂದು ಕೇಸು ಹೇಳುತ್ತೇನೆ. ಯಾವ ಕೋರ್ಟು, ಯಾವ ವರ್ಷ ಬೇಡ. ಒಬ್ಬ ಮುದುಕಿ ಸಾಕ್ಷಿಗೆ ಬಂದಿದ್ದಳು. ತಲೆ ಮೇಲಿನ ಸೆರಗು ಸರಿದರೆ ಗಾಬರಿ, ಮೈಕಿನ ಕಡೆ ನೋಡಿದರೆ ಗಾಬರಿ. ಆರೋಪಿ ಓಡಿದ್ದನ್ನು ಯಾವಾಗ ನೋಡಿದೆ ಅಂತ ಕೇಳಿದರು. ಅವಳು ತಾರೀಖು ಹೇಳಲಿಲ್ಲ. "ಎಳ್ಳ ಅಮಾಸಿ ಆಗಿ ನಾಕ ದಿನಕ್ಕ್ರಿ" ಅಂದಳು. ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ತಿಂದು ಬರುವ ಹಬ್ಬ ಅದು. ಹಳ್ಳಿಯವರಿಗೆ ಕ್ಯಾಲೆಂಡರಿಗಿಂತ ಅದೇ ಖಾತ್ರಿ. ಎಷ್ಟು ಹೊತ್ತಿಗೆ? "ದೀಪಾ ಹಚ್ಚೋ ಹೊತ್ತಿತ್ರಿ." ಸರ್ಕಾರಿ ವಕೀಲರ ಕೈಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆ ಇತ್ತು. "ಅಂದ್ರ ಏಳೂವರಿ ಆಗಿತ್ತಲ್ಲ?" ಅಂದರು. ಮುದುಕಿ "ಹೂಂರಿ" ಅಂದಳು. ಅಷ್ಟು ದೊಡ್ಡ ಮನುಷ್ಯರು ಕೇಳಿದರೆ ಮತ್ತೇನು ಅಂದಾಳು? "ಸುಮಾರು ರಾತ್ರಿ 7.30 ಗಂಟೆಗೆ" ಅಂತ ನಾನು ಟೈಪ್ ಮಾಡಿದೆ.

ಆರೋಪಿ ಕಡೆಗೆ ಉಚಿತ ಕಾನೂನು ನೆರವಿನಿಂದ ಕೊಟ್ಟ ಹುಡುಗ ವಕೀಲ. ಕೋಟು ಬೇರೆಯವರದ್ದೇನೋ ಅನ್ನುವ ಹಾಗೆ ದೊಗಳೆ. ಅವನು ಎದ್ದು ಕೇಳಿದ್ದು ಅಡುಗೆಮನೆ ಪ್ರಶ್ನೆ. "ಆಯಿ, ದೀಪಾ ಹಚ್ಚಿ ಏನ್ ಮಾಡ್ದಿ?" ದೇವರಿಗೆ ಕೈಮುಗಿದೆ. "ಮುಂದ?" ಎಮ್ಮೆ ಬಂತು, ಕಟ್ಟಿದೆ. "ಹೊರಗ ಬೆಳಕಿತ್ತೋ, ಪೂರಾ ಕತ್ತಲೋ?" ಇನ್ನೂ ಬೆಳಕಿತ್ರಿ, ಎಮ್ಮಿ ಕಾಣ್ತಿತ್ತು. ಅವನು ಅಲ್ಲಿಗೇ ಕೂತುಬಿಟ್ಟ.

ಎಳ್ಳ ಅಮಾವಾಸ್ಯೆಯ ಸುಮಾರಿಗೆ ಕಲಬುರಗಿ ಕಡೆ ಹೊತ್ತು ಮುಳುಗುವುದು ಆರು ಗಂಟೆಯ ಆಸುಪಾಸು. ಮೇ ತಿಂಗಳಲ್ಲಾದರೆ ಆರೂಮುಕ್ಕಾಲು. ದೀಪ ಹಚ್ಚುವ ಹೊತ್ತು ಅನ್ನುವುದು ಗಡಿಯಾರ ಅಲ್ಲ, ತಿಂಗಳು ತಿಂಗಳಿಗೆ ಸರಿಯುತ್ತದೆ. ಮುದುಕಿ ನೋಡಿದ್ದು ಆರೂಕಾಲು ಅಂತಿಟ್ಟುಕೊಳ್ಳಿ. ಸತ್ತವನು ಏಳು ಗಂಟೆಗೆ ಹಿಟ್ಟಿನ ಗಿರಣಿಗೆ ಬಂದು ಜೋಳದ ಹಿಟ್ಟು ಒಯ್ದಿದ್ದ. ಗಿರಣಿಯವನು ಹಿಂದಿನ ವಾರವೇ ಹೇಳಿಹೋಗಿದ್ದ. ಅದನ್ನೂ ನಾನೇ ಟೈಪ್ ಮಾಡಿದ್ದೆ! ಕೊಲೆ ಆಗುವ ಮುಕ್ಕಾಲು ಗಂಟೆ ಮೊದಲೇ ಕೊಲೆಗಾರ ಓಡಿಹೋಗುತ್ತಾನಾ?

ಎರಡೂ ಕಾಗದ ನನ್ನ ಕೈ ದಾಟಿ ಹೋಗಿದ್ದವು. ಎರಡರಲ್ಲೂ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಅದರ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಆ ಮನುಷ್ಯನ ಬಿಡುಗಡೆ ಆಯಿತು. ಅವನು ಮಾಡಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹುಡುಗ ವಕೀಲ ಅವತ್ತು ಜ್ವರ ಬಂದು ರಜಾ ಹಾಕಿದ್ದರೆ ನನ್ನ "7.30" ಏನು ಮಾಡುತ್ತಿತ್ತು ಅನ್ನುವುದು ಮಾತ್ರ ಗೊತ್ತು. ಅವತ್ತಿನಿಂದ ಕಾದಂಬರಿಯನ್ನೂ ಪೆನ್ಸಿಲ್ ಹಿಡಿದೇ ಓದುತ್ತೇನೆ.

"ಅದೆಲ್ಲ ಕಥಿಯಾಗ. ಖರೇನ ಹಂಗ ಆಗ್ತದೇನ್ರಿ?" ಅಂತ ಕೇಳುವವರೂ ಇದ್ದಾರೆ. ಆಗುತ್ತದೆ. ಮಹಾರಾಷ್ಟ್ರದ ಒಂದು ಕೇಸಿನಲ್ಲಿ 2009ರಲ್ಲಿ ಸುಪ್ರೀಂ ಕೋರ್ಟೇ ಆರು ಜನರಿಗೆ ಗಲ್ಲು ಅಂದಿತ್ತು. 2019ರ ಮಾರ್ಚಿನಲ್ಲಿ ಅದೇ ಕೋರ್ಟು ಆ ಆರೂ ಜನರನ್ನು ನಿರ್ದೋಷಿಗಳು ಅಂತ ಬಿಟ್ಟು, ತಲಾ 5 ಲಕ್ಷ ರೂಪಾಯಿ ಕೊಡಿಸಿತು. ಅಷ್ಟರಲ್ಲಿ ಜೈಲಿನಲ್ಲಿ 16 ವರ್ಷ ಕಳೆದಿತ್ತು. ನಮ್ಮ ರಾಜ್ಯದ್ದೇ ಬೇಕಾದರೆ, ಕೊಡಗಿನ ಒಬ್ಬರು ಹೆಂಡತಿಯನ್ನು ಕೊಂದ ಆರೋಪದ ಮೇಲೆ ಒಂದೂವರೆ ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಣ್ಣಿಗೆ ಬಿದ್ದರು. ಅಲ್ಲಿ ಶಿಕ್ಷೆ ಆಗಿರಲಿಲ್ಲ, ವಿಚಾರಣೆ ನಡೆದಿತ್ತು ಅಷ್ಟೇ. ಇದನ್ನು ಕಾದಂಬರಿಯಲ್ಲಿ ಬರೆದರೆ ನಾನೇ "ಏನು ಸುಳ್ಳು ಕಥೆ" ಅಂತ ಪುಸ್ತಕ ಮುಚ್ಚುತ್ತಿದ್ದೆ.

ಈ ಕಾದಂಬರಿಗಳ ಮೇಲೆ ನನಗೆ ತಕರಾರೂ ಇದೆ. ಕೊನೇ ಅಧ್ಯಾಯದಲ್ಲಿ ನಿಜವಾದ ಕೊಲೆಗಾರ ಪೊಲೀಸರ ಮುಂದೆ ಕೂತು ಹತ್ತು ಪುಟ ತಪ್ಪೊಪ್ಪಿಕೊಳ್ಳುತ್ತಾನೆ, ಎಲ್ಲ ಮುಗಿಯಿತು. ನಮ್ಮಲ್ಲಿ ಅದರಿಂದ ಕೇಸು ಮುಗಿಯುವುದಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಕೋರ್ಟು ಅವನ ವಿರುದ್ಧ ಸಾಕ್ಷಿಯಾಗಿ ತಗೊಳ್ಳುವುದಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಅದು 25ನೇ ಕಲಂ. 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲಿ 23ನೇದು. "ಕೊಡಲಿ ಇಲ್ಲಿ ಮುಚ್ಚಿಟ್ಟೀನಿ" ಅಂತ ಹೇಳಿ, ಅಲ್ಲೇ ಕೊಡಲಿ ಸಿಕ್ಕರೆ, ಆ ಮಾತಿನ ಅಷ್ಟು ಭಾಗಕ್ಕೆ ಮಾತ್ರ ಬೆಲೆ.

ಇನ್ನೊಂದು, ಅಪೀಲು. ಕಥೆಯಲ್ಲಿ "ಮೇಲ್ಮನವಿ ವಜಾ ಆಯಿತು" ಅನ್ನುವ ಒಂದೇ ಸಾಲು ಇರುತ್ತದೆ. ಕಲಬುರಗಿಗೆ ಹೈಕೋರ್ಟಿನ ಪೀಠ ಬಂದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಅದಕ್ಕೂ ಮೊದಲು ಇಲ್ಲಿಯವರಿಗೆ ಅಪೀಲು ಅಂದರೆ ಬೆಂಗಳೂರು. ಸುಮಾರು 600 ಕಿಲೋಮೀಟರ್, ರಾತ್ರಿಯಿಡೀ ಉದ್ಯಾನ್ ಎಕ್ಸ್‌ಪ್ರೆಸ್. ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿ, ಕೇಸು ಮುಂದಕ್ಕೆ ಹೋಯಿತು ಅಂತ ತಿರುಗಿ ಬಂದ ತಾಯಂದಿರನ್ನು ನೋಡಿದ್ದೇನೆ. ಆ ಸಾಲನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ.

ಪರದೇಶದ ಕಥೆಯಲ್ಲಿ ಹನ್ನೆರಡು ಜನರ ಜ್ಯೂರಿ "ತಪ್ಪಿತಸ್ಥ" ಅಂತ ಒಂದು ಶಬ್ದ ಹೇಳಿ ಎದ್ದುಹೋಗುತ್ತದೆ. ಯಾಕೆ ಅಂತ ಹೇಳಬೇಕಿಲ್ಲ. ನಮ್ಮಲ್ಲಿ ನ್ಯಾಯಾಧೀಶರು ಕಾರಣ ಬರೆಯಲೇಬೇಕು. ಬರೆದದ್ದನ್ನು ಮತ್ತೊಬ್ಬರು ಓದಬಹುದು, ತಪ್ಪು ಹುಡುಕಬಹುದು. 1984ರಲ್ಲಿ ಸುಪ್ರೀಂ ಕೋರ್ಟು, ಕಣ್ಣಾರೆ ಕಂಡ ಸಾಕ್ಷಿ ಇಲ್ಲದ ಒಂದು ಕೇಸಿನಲ್ಲಿ ಐದು ನಿಯಮ ಹೇಳಿತು. ಅದರಲ್ಲಿ ಮೊದಲನೆಯದರ ಸಾರ: "ಇರಬಹುದು" ಬೇರೆ, "ಇರಲೇಬೇಕು" ಬೇರೆ. ಕನ್ನಡದಲ್ಲಿ ಕ್ರಿಯಾಪದದ ಬಾಲ ಬದಲಾದರೆ ಆಯಿತು, ಒಬ್ಬ ಮನುಷ್ಯ ಮನೆಗೆ ಬರುತ್ತಾನೆ ಇಲ್ಲವೇ ಬರುವುದಿಲ್ಲ. ಹೋದ ವಾರದ ಆ ಕಾದಂಬರಿಯಲ್ಲಿ ನಾನು ಪೆನ್ಸಿಲ್ ಗೆರೆ ಎಳೆದದ್ದೆಲ್ಲ ಇಂಥ ಬಾಲಗಳ ಕೆಳಗೆ.

ಇಷ್ಟನ್ನೂ ನಾದಿನಿಗೆ ಹೇಳಿದೆ. ಅರ್ಧ ಕೇಳಿದಳು, ಅರ್ಧ ಶೇಂಗಾ ಸುಲಿದಳು. ಹೋಗುವಾಗ ಪುಸ್ತಕ ಚೀಲದಲ್ಲಿ ಹಾಕಿಕೊಂಡಳು. ಮೂರನೇ ದಿನಕ್ಕೆ ಫೋನು.

"ವೈನಿ, ಮುಗಿಸ್ದೆ. ಅಂವ ಕೊಂದಿಲ್ಲಂತ ನನಗ ಮೊದಲೇ ಗೊತ್ತಿತ್ತು."

"ಹೌದಾ? ಎಷ್ಟನೇ ಪುಟದಾಗ?"

ಆ ಕಡೆಯಿಂದ ಪುಟ ತಿರುವುವ ಸದ್ದು ಕೇಳಿಸಿತು. ಬಹಳ ಹೊತ್ತು ತಿರುವಿದಳು. "ಅದೇನೋ ಹಳದಿ ದೀಪಂತ, ಎಲ್ಲಿ ಬರ್ತದ್ರಿ ಅದು?"