ಮಲ್ಲಿತಮ್ಮನ ಸಹಿಯವರೆಗೆ

ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯನ್ನು ಭಾಗ ಭಾಗವಾಗಿ ತೆಗೆದು ಜೋಡಿಸಿದ ಛಾಯಾಚಿತ್ರವನ್ನು ಇಂದು ನನ್ನ ಜಾಲತಾಣಕ್ಕೆ ಏರಿಸಿದ್ದೇನೆ. ಅಗಲ 40,000, ಎತ್ತರ 20,000, ಅಂದರೆ ಒಟ್ಟು 80 ಕೋಟಿ ಪಿಕ್ಸೆಲ್‌ಗಳು. ಇಷ್ಟು ದೊಡ್ಡ ಚಿತ್ರವನ್ನು ಇಡಿಯಾಗಿ ತೆರೆಯಹೋದರೆ ಫೋನ್ ತಡೆದುಕೊಳ್ಳುವುದಿಲ್ಲ. ಆದ್ದರಿಂದ ಪ್ರತಿ ಹಂತದಲ್ಲೂ ಅಗಲ, ಎತ್ತರಗಳೆರಡೂ ಅರ್ಧಕ್ಕಿಳಿಯುವಂತೆ ಹಲವು ಪ್ರತಿಗಳನ್ನು ಮಾಡಿ, ಒಂದೊಂದನ್ನೂ 256 ಪಿಕ್ಸೆಲ್ ಅಳತೆಯ ಚೌಕಗಳಾಗಿ ಕತ್ತರಿಸಿಟ್ಟಿದ್ದೇನೆ; ನೋಡುವವರ ಕಣ್ಣು ಎಲ್ಲಿಗೆ ಹೋಗುತ್ತದೋ ಅಲ್ಲಿನ ಚೌಕಗಳನ್ನಷ್ಟೇ ಬ್ರೌಸರ್ ತರಿಸಿಕೊಳ್ಳುತ್ತದೆ. ಪೂರ್ಣ ಅಳತೆಯ ಹಂತವೊಂದಕ್ಕೇ ಹನ್ನೆರಡು ಸಾವಿರಕ್ಕೂ ಹೆಚ್ಚು ಕಡತಗಳಾದರೂ, ಉಳಿದೆಲ್ಲ ಹಂತಗಳು ಸೇರಿ ಹೆಚ್ಚಾಗುವುದು ಅದರ ಮೂರನೇ ಒಂದು ಪಾಲಿನಷ್ಟು ಮಾತ್ರ. ಕತ್ತರಿಸಲು ಲಿಬ್‌ವಿಪ್ಸ್, ತೋರಿಸಲು ಓಪನ್‌ಸೀಡ್ರ್ಯಾಗನ್. ಎರಡೂ ಮುಕ್ತ ತಂತ್ರಾಂಶಗಳು.

ಈ ಶ್ರಮಕ್ಕೆ ಹೊಯ್ಸಳರ ಕಲ್ಲಿಗಿಂತ ತಕ್ಕ ವಸ್ತು ನನಗೆ ಕಾಣದು. ಬಳಪದ ಕಲ್ಲಿನ ನಯದಿಂದಾಗಿ ಹಿಗ್ಗಿಸಿದಷ್ಟೂ ವಿವರ ತೆರೆದುಕೊಳ್ಳುತ್ತದೆ: ಕೆಳಪಟ್ಟಿಯ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಸವಾರನ ಕೈಯ ಲಗಾಮು, ಆ ಲಗಾಮಿನ ಹೆಣಿಗೆ. ವಿಗ್ರಹಗಳ ಪೀಠದಲ್ಲಿ 13ನೇ ಶತಮಾನದ ಶಿಲ್ಪಿ ಮಲ್ಲಿತಮ್ಮ ಕೊರೆದ ತನ್ನ ಹೆಸರಿನ ಹಳೆಯ ಕನ್ನಡ ಅಕ್ಷರಗಳಿವೆ. ಅವು ಕುಗ್ಗಿಸಿದ ಚಿತ್ರದಲ್ಲಿ ಬರೀ ಗೀರುಗಳಾಗಿಬಿಡುತ್ತವೆ. ಲಿಪಿ ಕಲಿಯುವ ವಿದ್ಯಾರ್ಥಿಗಳು ಊರಲ್ಲೇ ಕುಳಿತು ಅವುಗಳನ್ನು ಓದಲಿ ಎಂಬುದೇ ನನ್ನ ಆಸೆ. ಮೂಲ ಚಿತ್ರವನ್ನೂ ಇಳಿಸಿಕೊಳ್ಳಬಹುದು; ಅನುಮತಿ ಕೇಳಬೇಕಾಗಿಲ್ಲ.