ಅಂಗಿ ಬಾಟಲಿ ಮತ್ತು ಸೀರೆ ಚೂರು

ತುಮಕೂರಿನಲ್ಲಿ ಒಂದು ಒಣ ಕಸ ಕೇಂದ್ರ ನೋಡಿಕೊಳ್ಳುತ್ತೇನೆ. ನೋಡಿಕೊಳ್ಳುತ್ತೇನೆ ಅಂದರೆ ರಿಜಿಸ್ಟರ್, ಆಪ್, ಲಾರಿ, ಫೋನು. ಕೈಯಾರೆ ಕೆಲಸ ಮಾಡುವವರು ಮಹಿಳಾ ಸಂಘದ ಅಕ್ಕಂದಿರು. ಟಿಪ್ಪರ್ ತಂದು ಸುರಿದ ರಾಶಿಯಲ್ಲಿ ಹಾಲಿನ ಕವರ್, ರಟ್ಟು, ಗಟ್ಟಿ ಪ್ಲಾಸ್ಟಿಕ್, ಪೆಟ್ (ನೀರು, ಜ್ಯೂಸಿನ ಬಾಟಲಿಯ ಪ್ಲಾಸ್ಟಿಕ್), ಎಮ್‌ಎಲ್‌ಪಿ (ಚಿಪ್ಸ್ ಪ್ಯಾಕೆಟ್‌ನಂಥ ಪದರ ಪದರದ ಕವರ್) ಎಲ್ಲಾ ಬೇರೆ ಮಾಡಿ, ಬೇಲ್ ಹೊಡೆದು, ಅಂದರೆ ಒತ್ತಿ ತಂತಿ ಬಿಗಿದ ಮೂಟೆ ಮಾಡಿ ಮಾರುತ್ತಾರೆ. ಮಾರಿದ ದುಡ್ಡು ಸಂಘಕ್ಕೆ ಹೋಗುತ್ತದೆ. ನನ್ನ ಸಂಬಳ ಸಂಸ್ಥೆಯಿಂದ ಬರುತ್ತದೆ. ಇದೊಂದು ನೆನಪಿಟ್ಟುಕೊಳ್ಳಿ.

ಸಿದ್ಧಗಂಗೆ ಜಾತ್ರೆ ಮುಗಿದ ಮೇಲೆ ನಮ್ಮ ಶೆಡ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಿವರಾತ್ರಿ ಹೊತ್ತಿಗೆ ಬಿಸಿಲು ಏರಿರುತ್ತದೆ, ನೀರು, ಜ್ಯೂಸು, ಮಜ್ಜಿಗೆ ಅಂತ ಬರೀ ಬಾಟಲಿ. ಅದರ ಬೆನ್ನಿಗೇ ಮಾರ್ಚ್ ಕೊನೆ. ಆಫೀಸಿನಿಂದ ಬೆಳಗ್ಗೆ ಎದ್ದರೆ ಒಂದೇ ಪ್ರಶ್ನೆ, ಎಷ್ಟು ಟನ್ ಆಯ್ತು? ಆಪ್‌ನಲ್ಲಿ ತುಂಬಲು ಇರುವುದೂ ಅದೊಂದೇ ಕಾಲಂ. ಮಾಲು ಹೇಗಿದೆ ಅಂತ ಕೇಳುವ ಜಾಗವೇ ಅದರಲ್ಲಿಲ್ಲ.

ಬಾಟಲಿಯಲ್ಲಿ ಎರಡು ಜಾತಿ. ನೀರಿನ ಬಾಟಲಿಗೆ ಸುಮ್ನೆ ಒಂದು ಪಟ್ಟಿ ಸುತ್ತಿರುತ್ತಾರೆ, ಎಳೆದರೆ ಬರುತ್ತದೆ. ಇನ್ನು ಕೆಲವು ಜ್ಯೂಸು, ಹಾಲಿನ ಬಾಟಲಿಗೆ ಕತ್ತಿನಿಂದ ಬುಡದವರೆಗೆ ಬಣ್ಣದ ಪ್ಲಾಸ್ಟಿಕ್ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅಕ್ಕಂದಿರು ಇದಕ್ಕೆ ಅಂಗಿ ಬಾಟಲಿ ಅನ್ನುತ್ತಾರೆ. ಅಂಗಿಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಚ್ಚಬೇಕು. ಒಂದೊಂದಕ್ಕೂ ಟೈಮು ಹಿಡಿಯುತ್ತದೆ, ಬೆರಳೂ ಕುಯ್ದುಕೊಳ್ಳುತ್ತದೆ.

ನನಗೆ ಅದು ದಂಡದ ಕೆಲಸ ಅನ್ನಿಸಿತ್ತು. ಟ್ರೇನಿಂಗ್‌ನಲ್ಲಿ ವಿಡಿಯೋ ತೋರಿಸಿದ್ದರಲ್ಲ, ಫ್ಯಾಕ್ಟರಿಯಲ್ಲಿ ಪುಡಿ ಮಾಡಿ ನೀರಿನ ತೊಟ್ಟಿಗೆ ಹಾಕುತ್ತಾರೆ, ಮುಚ್ಚಳ, ಲೇಬಲ್ ಎಲ್ಲಾ ಮೇಲೆ ತೇಲುತ್ತದೆ, ಪೆಟ್ ಮುಳುಗುತ್ತದೆ, ಅಷ್ಟೇ. ಅವರ ಮಷೀನು ಮಾಡುವ ಕೆಲಸ ನಾವ್ಯಾಕೆ ಮಾಡಬೇಕು? ಜಾತ್ರೆ ಮಾಲು ಬಂದಾಗ ಹೇಳಿಬಿಟ್ಟೆ, ಅಂಗಿ ಬಿಚ್ಚೋದು ಬೇಡ, ಹಾಗೇ ಬೇಲ್ ಹೊಡೀರಿ ಅಂತ.

ಸಂಘದಲ್ಲಿ ಎಲ್ಲರಿಗಿಂತ ಹಿರಿಯರನ್ನು ನಾವು ದೊಡ್ಡಕ್ಕ ಅಂತಲೇ ಕರೆಯುವುದು. ಸಂಘ ಸೇರುವ ಮೊದಲು ಚೀಲ ಹೊತ್ತು ಮಂಡಿಪೇಟೆ ಸುತ್ತ ಆಯ್ದು ಗುಜರಿಗೆ ಹಾಕುತ್ತಿದ್ದವರು. ಅವರು ಒಪ್ಪಲಿಲ್ಲ.

"ಸಾರ್, ಸುತ್ತಿರೋದು ಬೇರೆ, ಅಂಟಿರೋದು ಬೇರೆ. ಇದನ್ನ ಒಲೆಗೆ ಹಾಕಿ ನೋಡಿ, ಕಣ್ಣು ಉರಿ ಕಿತ್ಕೊಂಡ್ ಬರ್ತದೆ. ಗುಜರಿಯವನೂ ತಗೊಳ್ತಿರ್ಲಿಲ್ಲ."

ಒಲೆಯ ಮಾತು ಕೇಳಿ ನಾನು ನಕ್ಕೆ. ಪ್ಲಾಸ್ಟಿಕ್ ಸುಡಬಾರದು ದೊಡ್ಡಕ್ಕ ಅಂತ ಅವರಿಗೇ ಪಾಠ ಮಾಡಿದೆ. ಅವರು ಇನ್ನೇನೂ ಹೇಳಲಿಲ್ಲ. ಬೇಲ್ ಹೊಡೆದರು. ಕೆಲವು ಬೇಲ್‌ಗಳ ತಂತಿಗೆ ಹಳೇ ಸೀರೆಯ ಕೆಂಪು ಚೂರು ಗಂಟು ಹಾಕಿದ್ದು ಕಣ್ಣಿಗೆ ಬಿತ್ತು. ದೃಷ್ಟಿಗೆ ಇರಬೇಕು ಅಂದುಕೊಂಡು ಸುಮ್ಮನಾದೆ.

ಕ್ಯಾಂಟರ್ ತುಂಬಿಸಿಕೊಂಡು ರಾತ್ರಿಯೇ ಕ್ಯಾತ್ಸಂದ್ರ ಟೋಲ್ ದಾಟಿದೆವು. ಬೆಂಗಳೂರಿನಲ್ಲಿ ಹಗಲು ಕೆಲವು ಹೊತ್ತು ಲಾರಿ ಬಿಡುವುದಿಲ್ಲ. ನಮ್ಮ ಮಾಲು ಕೊಳ್ಳುವ ಯಾರ್ಡು ಬಾಗಿಲು ತೆಗೆದ ಮೇಲೆ ವೇಬ್ರಿಡ್ಜ್ ಆಯಿತು, ತೂಕದ ಚೀಟಿ ಕೈಗೆ ಬಂತು. ನಾನು ಮಾಡಿದ ಮೊದಲ ಕೆಲಸ ಅದರ ಫೋಟೋ ತೆಗೆದು ಆಫೀಸ್ ಗ್ರೂಪಿಗೆ ಹಾಕಿದ್ದು. ಟಣ್ ಟಣ್ ಅಂತ ಹೆಬ್ಬೆರಳುಗಳು ಬಂದವು.

ಅಷ್ಟರಲ್ಲಿ ಯಾರ್ಡಿನ ಹುಡುಗ ಒಂದು ಬೇಲ್ ಇಳಿಸಿ ತಂತಿ ಕತ್ತರಿಸಿದ. ಬಾಟಲಿಗಳು ಭುಸ್ ಅಂತ ಉಸಿರು ಬಿಟ್ಟು ಹರಡಿಕೊಂಡವು. ಅವನು ಒಂದು ಅಂಗಿ ಬಾಟಲಿ ಎತ್ತಿ, ಅಂಗಿಯ ಚೂರು ಹರಿದುಕೊಂಡ. ಮೇಜಿನ ಮೇಲೆ ಸಣ್ಣ ಗ್ಯಾಸ್ ಒಲೆ. ಮರದ ಹಿಡಿ ಹಾಕಿದ ತಾಮ್ರದ ತಂತಿ. ತಂತಿಯನ್ನು ಕೆಂಪಗೆ ಕಾಯಿಸಿ, ಚೂರಿಗೆ ಒತ್ತಿ, ಮತ್ತೆ ಉರಿಗೆ ಹಿಡಿದ.

ಉರಿ ಹಸಿರಾಯಿತು. ದೀಪಾವಳಿ ಮತಾಪಿನ ಹಸಿರು.

ನನಗೆ ಅರ್ಥವಾಗಲಿಲ್ಲ. ಅವನು ಏನೂ ಹೇಳದೆ ಇನ್ನೊಂದು ಚೂರು ತೆಗೆದ. ಹಸಿರು. ಬೇರೆ ಬೇಲ್ ಇಳಿಸಿದರು, ತಂತಿ ಕತ್ತರಿಸಿದರು, ಅದರದ್ದೂ ಹಸಿರು. ನಾನು ಅವನ ಮುಖ ನೋಡುವುದು, ಒಲೆ ನೋಡುವುದು. ಡ್ರೈವರ್ ಹಿಂದಿನಿಂದ "ಸಾರ್, ಲೇಟಾದ್ರೆ ವೇಟಿಂಗ್ ಹಾಕ್ತೀನಿ" ಅಂತ ಎರಡೆರಡು ಸಲ ಕೂಗುತ್ತಿದ್ದ. ಜೇಬಿನಲ್ಲಿ ಫೋನು ಇನ್ನೂ ಹೆಬ್ಬೆರಳಿಗೆ ನಡುಗುತ್ತಲೇ ಇತ್ತು. ಕೊನೆಗೆ ಸೂಪರ್‌ವೈಸರ್ ಬಂದು ಹೇಳಿದರು, "ಉರಿ ಹಸಿರಾದ್ರೆ ಅಂಗಿ ಪಿವಿಸಿ ಅಂತ. ಪೆಟ್ ರೇಟು ಬರಲ್ಲ. ಮಿಕ್ಸ್ ರೇಟಿಗೆ ಇಳಿಸ್ತೀರಾ, ವಾಪಸ್ ತಗೊಂಡು ಹೋಗ್ತೀರಾ?"

ನೀರಿನ ತೊಟ್ಟಿಯಲ್ಲಿ ತೇಲುತ್ತದಲ್ಲ ಸಾರ್ ಅಂದೆ. ಅವರು ನಗಲಿಲ್ಲ, ಪಾಪ. ಮುಚ್ಚಳ ತೇಲುತ್ತದೆ, ಸುತ್ತಿದ ಪಟ್ಟಿ ತೇಲುತ್ತದೆ. ಪಿವಿಸಿ ಪೆಟ್‌ನಷ್ಟೇ ಭಾರ, ಅದರ ಜೊತೆಯೇ ಮುಳುಗುತ್ತದೆ. ಪೆಟ್ ಕರಗಲು ಸುಮಾರು 250 ಡಿಗ್ರಿ ಬೇಕು. ಪಿವಿಸಿ ಅದಕ್ಕೂ ಮೊದಲೇ ಸುಟ್ಟು ಕರಕಲಾಗಿ ಆಸಿಡ್ ಹೊಗೆ ಬಿಡುತ್ತದೆ. ಸ್ವಲ್ಪ ಸೇರಿದರೂ ಸಾಕು, ಪೆಟ್ ಹಳದಿಗೆ ತಿರುಗುತ್ತದೆ, ಕಪ್ಪು ಚುಕ್ಕೆ ಬೀಳುತ್ತದೆ. ಕಣ್ಣು ಉರಿಯುವುದು ಅದೇ ಹೊಗೆಗೆ. ಮೊದಲೆಲ್ಲಾ ಯಾರ್ಡಿನವರು ಇಷ್ಟು ನೋಡುತ್ತಿರಲಿಲ್ಲ. ಪ್ಯಾಕಿಂಗ್ ಪ್ಲಾಸ್ಟಿಕ್‌ಗೆ ಕಂಪನಿಗಳೇ ಜವಾಬ್ದಾರರು ಅನ್ನುವ 2022ರ ಇಪಿಆರ್ ನಿಯಮದಲ್ಲಿ 2025-26ರಿಂದ ಬಾಟಲಿಯಂಥ ಗಟ್ಟಿ ಪ್ಯಾಕಿಂಗ್‌ಗೆ ಶೇ 30ರಷ್ಟು ಮರುಬಳಕೆ ಪ್ಲಾಸ್ಟಿಕ್ ಸೇರಿಸಬೇಕು ಅಂತಿದೆ. ಬಾಟಲಿಯಿಂದ ಮತ್ತೆ ಬಾಟಲಿಯೇ ಆಗಬೇಕಾದರೆ ಮಾಲು ಕ್ಲೀನಾಗಿರಬೇಕು ತಾನೇ.

ಆಫೀಸಿಗೆ ಫೋನ್ ಮಾಡಿದೆ. "ಇಳಿಸಿಬಿಡಿ, ತೂಕ ಅಷ್ಟೇ ತಾನೇ" ಅಂದರು. ತೂಕದ ಲೆಕ್ಕ ಅವರದು, ರೇಟಿನ ಲೆಕ್ಕ ಸಂಘದ್ದು. ಆಮೇಲೆ ದೊಡ್ಡಕ್ಕನಿಗೆ ಮಾಡಿದೆ. ಹೇಗೆ ಶುರು ಮಾಡುವುದು ಅಂತ ಗೊತ್ತಾಗದೆ "ಊಟ ಆಯ್ತಾ ದೊಡ್ಡಕ್ಕ" ಅಂದೆ. ಬೆಳಗ್ಗೆ ಒಂಬತ್ತು ಗಂಟೆಗೆ!

"ಏನಾಯ್ತು ಹೇಳಿ ಸಾರ್."

ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೆಂಪು ಚೂರು ಕಟ್ಟಿರೋವು ನೋಡಿ. ಅವು ಜಾತ್ರೆಗೆ ಮುಂಚೆ ನಾವು ಅಂಗಿ ಬಿಚ್ಚಿ ಹೊಡೆದಿದ್ದು. ಬರೀ ಅವನ್ನ ಕೊಡಿ. ಮಿಕ್ಕಿದ್ದು ವಾಪಸ್ ತಗಂಡ್ ಬನ್ನಿ."

ಕ್ಯಾಂಟರ್ ಹತ್ತಿ ಹುಡುಕಿದೆ. ಕೆಲವು ಚೂರು ಹಗ್ಗದ ಕೆಳಗೆ ಸಿಕ್ಕಿಕೊಂಡಿದ್ದವು, ಕೆಲವು ಎಣ್ಣೆ ಮೆತ್ತಿ ಕಪ್ಪಾಗಿದ್ದವು. ಸೂಪರ್‌ವೈಸರ್‌ಗೆ ನಂಬಿಕೆ ಬರಲಿಲ್ಲ. ಅದರಲ್ಲೂ ಬೇಕಂದ ಬೇಲ್ ಕತ್ತರಿಸಿ ನೋಡಿದರು. ಅಂಗಿ ಸಿಗಲಿಲ್ಲ. ಅಷ್ಟನ್ನು ಪೂರ್ತಿ ಪೆಟ್ ರೇಟಿಗೆ ತಗೊಂಡರು.

ಉಳಿದದ್ದು ವಾಪಸ್ ಬಂತು. ಎರಡು ಕಡೆಯ ಬಾಡಿಗೆ, ವೇಟಿಂಗ್, ಮತ್ತೆ ಬಿಚ್ಚಿ ಮತ್ತೆ ಬೇಲ್ ಹೊಡೆದ ಕೂಲಿ, ಎಲ್ಲಾ ಸಂಘದ ಲೆಕ್ಕದಲ್ಲೇ ಹೋಯಿತು. ಆ ತಿಂಗಳು ಅಕ್ಕಂದಿರ ಪಾಲು ಕಡಿಮೆ ಬಂತು. ನನ್ನ ಸಂಬಳ ಯಾವತ್ತಿನ ಹಾಗೆ ಒಂದನೇ ತಾರೀಖಿಗೆ ಬಂತು. ಬಾಡಿಗೆಯನ್ನಾದರೂ ಸಂಸ್ಥೆ ಕೊಡಲಿ ಅಂತ ಬರೆದೆ, ಅದಕ್ಕೆ ಬಜೆಟ್ಟಿನಲ್ಲಿ ಹೆಡ್ ಇಲ್ಲವಂತೆ. ಬ್ಯಾನರ್‌ಗೆ ಹೆಡ್ ಇದೆ. ತಮಾಷೆ ಅಂದರೆ ವರದಿಯಲ್ಲಿ ಆ ತಿಂಗಳೇ ನಮ್ಮದು ಎಲ್ಲಕ್ಕಿಂತ ಜಾಸ್ತಿ ತೂಕ. ವಾಪಸ್ ಬಂದ ಮಾಲನ್ನು ಕಳೆಯುವ ಬಟನ್ ಆಪ್‌ನಲ್ಲಿಲ್ಲ. ಮತ್ತೆ ಕಳಿಸಿದಾಗ ಎರಡನೇ ಸಲವೂ ಎಣಿಸಿಕೊಂಡಿತು!

ಈಗ ಬೇಲ್ ಪಾಸ್ ಮಾಡುವುದು ದೊಡ್ಡಕ್ಕ. ಅವರು ಚೂರು ಕಟ್ಟದೆ ಯಾವುದೂ ಲಾರಿ ಹತ್ತುವುದಿಲ್ಲ, ಆಫೀಸಿನಿಂದ ಯಾರೇ ಫೋನ್ ಮಾಡಲಿ. ಒಂದು ತಾಮ್ರದ ತಂತಿಯನ್ನೂ ಇಟ್ಟುಕೊಂಡಿದ್ದೇವೆ. ಹೊಸ ಕಂಪನಿಯ ಬಾಟಲಿ ಬಂದರೆ ಮಾತ್ರ, ಅದೂ ಶೆಡ್ಡಿನ ಹೊರಗೆ, ಉಗುರಿನಷ್ಟು ಚೂರಿಗೆ ಪರೀಕ್ಷೆ.

ಆದರೆ ಬಿಚ್ಚಿದ ಅಂಗಿಗಳನ್ನು ಏನು ಮಾಡುವುದು ಅನ್ನುವುದು ಇನ್ನೂ ಬಗೆಹರಿದಿಲ್ಲ. ಎಮ್‌ಎಲ್‌ಪಿ ಜೊತೆ ಸಿಮೆಂಟ್ ಫ್ಯಾಕ್ಟರಿಗೆ ಉರುವಲಾಗಿ ಕಳಿಸೋಣ ಅಂದರೆ ಪಿವಿಸಿಯಲ್ಲಿ ಕ್ಲೋರಿನ್ ಇರುವುದರಿಂದ ಅವರಿಗೂ ಬೇಡ. ಗುಜರಿಗೂ ಬೇಡ. ಊರಿನ ಕಸ ಹೋಗುವ ಅಜ್ಜಗೊಂಡನಹಳ್ಳಿಗೆ ಕಳಿಸಿದರೆ ಅಲ್ಲೊಂದು ರಾಶಿ, ಅಷ್ಟೇ ಅಲ್ವಾ? ಸದ್ಯಕ್ಕೆ ಚೀಲಕ್ಕೆ ತುಂಬಿ ಶೆಡ್ಡಿನ ಹಿಂದೆ ಇಟ್ಟಿದ್ದೇವೆ, ಚೀಲ ಜಾಸ್ತಿಯಾಗುತ್ತಲೇ ಇದೆ. ನಿಮ್ಮೂರಿನ ಕೇಂದ್ರದಲ್ಲಿ ಇದಕ್ಕೆ ಯಾರಾದರೂ ಗಿರಾಕಿ ಸಿಕ್ಕಿದ್ದರೆ ದಯವಿಟ್ಟು ಹೇಳಿ.